ಒದ್ದೆ ಗೋಣಿಯೊಳಗಿನ ಸಮುದ್ರ

ನನ್ನ ಮಾವ ಲೋಥಾರ್ ನಲವತ್ತೊಂದು ವರ್ಷ ಸ್ಲೇಟುಕಲ್ಲು ಸೀಳಿದವರು. ಹುನ್ಸ್ರುಕ್ ಬೆಟ್ಟದ ಮೇಲಿನ ನಮ್ಮ ಊರಿನ ಅರ್ಧದಷ್ಟು ಮನೆಗಳ ಮಾಡಿಗೆ ಅವರು ಸೀಳಿದ ಕಲ್ಲೇ ಹೊದಿಕೆ. ಚಪ್ಪಡಿಯನ್ನು ಮೊಣಕಾಲಿಗೆ ಒರಗಿಸಿಕೊಂಡು ಅಗಲ ಉಳಿಯ ಮೇಲೆ ಕೊಡತಿಯಿಂದ ತಟ್ಟಿದರೆ ಕಲ್ಲು ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತಿತ್ತಂತೆ. ಕೆಲವು ಹಾಳೆಗಳ ನಡುವೆ ನಲವತ್ತು ಕೋಟಿ ವರ್ಷ ಹಿಂದಿನ, ಡೆವೋನಿಯನ್ ಕಾಲದ ಸಮುದ್ರ ಮಲಗಿರುತ್ತಿತ್ತು. ನಕ್ಷತ್ರಮೀನು, ಹೂವಿನಂಥ ಕಡಲಜೀವಿ, ಎಲ್ಲವೂ ಕಲ್ಲಾಗಿ, ಹೊಂಬಣ್ಣಕ್ಕೆ ತಿರುಗಿ. ಅವು ಇರುವಲ್ಲಿ ಉಬ್ಬಿದ ಕಲ್ಲು ಮಾಡಿಗೆ ಬಾರದು. ಆದ್ದರಿಂದ ಕೆಲಸಗಾರರು ಅಂಥವನ್ನು ಮನೆಗೆ ಒಯ್ದು ಕಿಟಕಿಯಲ್ಲಿಡುತ್ತಿದ್ದರು.

ಗಣಿ ಮುಚ್ಚಿದ ದಿನ ಮಾವನ ಬೆರಳಿಗೆ ಒಂದು ಚಪ್ಪಡಿಯಲ್ಲಿ ಇಂಥದೇ ಉಬ್ಬು ಸಿಕ್ಕಿತು. ಅದನ್ನು ಸೀಳದೆ ತಂದು ನೆಲಮಾಳಿಗೆಯಲ್ಲಿ ಒದ್ದೆ ಗೋಣಿ ಸುತ್ತಿಟ್ಟರು. ಒಮ್ಮೆ ಒಣಗಿದ ಸ್ಲೇಟು ಮತ್ತೆ ಸರಿಯಾಗಿ ಸೀಳುವುದಿಲ್ಲ. ಹಾಗಾಗಿ ಇಪ್ಪತ್ತೆರಡು ವರ್ಷ, ದಿನಕ್ಕೆರಡು ಹೊತ್ತು ನೀರು.

“ನನಗೆ ಒಂದು ದಿನ ಕಾಫಿ ಮಾಡಿಕೊಟ್ಟವರಲ್ಲ, ಕಲ್ಲಿಗೆ ಮಾತ್ರ ಹೊತ್ತುಹೊತ್ತಿಗೆ ಉಪಚಾರ,” ಎನ್ನುತ್ತಿದ್ದರು ಅತ್ತೆ.

“ಅದು ಬಾಯಿ ಮುಚ್ಕೊಂಡಿರತ್ತೆ ನೋಡು,” ಎನ್ನುತ್ತಿದ್ದರು ಮಾವ.

ಯಾಕೆ ಸೀಳಲಿಲ್ಲವೆಂದು ಕೇಳಿದರೆ ನಾಳೆ ಎನ್ನುತ್ತಿದ್ದರು. ಈ ವಸಂತದಲ್ಲಿ ಅವರ ಬೆರಳ ತುದಿಗಳಿಗೆ ಜೋಮು ಹಿಡಿಯತೊಡಗಿತು. ಆಗ ನಾಳೆ ಎನ್ನುವುದನ್ನು ಬಿಟ್ಟರು. ನನ್ನ ಮಗಳು ಮೀಕೆಯ ನಾಮಕರಣದ ಹಿಂದಿನ ದಿನ ಸೀಳುವುದು, ಒಳಗಿರುವುದು ಅವಳಿಗೆ, ಎಂದು ಗೊತ್ತುಮಾಡಿದರು. ಅಷ್ಟರಲ್ಲಿ ಕಲ್ಲುಧೂಳು ತುಂಬಿದ ಎದೆಯ ತಪಾಸಣೆಗೆ ಐದು ದಿನ ಆಸ್ಪತ್ರೆಗೆ ಹೋಗಬೇಕಾಯಿತು.

“ನೀರು ಮರೀಬೇಡ, ಮೈಂಜ್ ಪಟ್ಟಣದವಳೇ,” ಎಂದರು ಹೊರಡುವಾಗ.

“ಬರೆದಿಟ್ಟುಕೊಂಡಿದ್ದೀನಿ ಮಾವ.”

ನಾನು ಎಲ್ಲವನ್ನೂ ಬರೆದಿಡುವವಳು. ಮೀಕೆ ಎಷ್ಟು ಗಂಟೆಗೆ ಹಾಲು ಕುಡಿದಳು, ಎಷ್ಟು ಸಲ ಸೀನಿದಳು, ಎಲ್ಲ. ಆದರೆ ಅಂದೇ ಅವಳ ಮೈ ಸುಡತೊಡಗಿತು. ಮೂರು ದಿನ ನನಗೆ ಅವಳ ಉಸಿರಿನ ಹೊರತು ಬೇರೇನೂ ಕೇಳಿಸಲಿಲ್ಲ. ತೊಟ್ಟಿಲ ಪಕ್ಕ ಕಣ್ಣು ಮುಚ್ಚಿದರೆ ಮನೆಯೇ ಮೆಲ್ಲಗೆ ಮುಳುಗುತ್ತಿರುವಂತೆ, ಗೋಡೆಗಳ ಮೇಲೆ ಯಾವುದೋ ಹಸಿರು ಬೆಳಕು ಅಲೆಯುತ್ತಿರುವಂತೆ ಅನ್ನಿಸುತ್ತಿತ್ತು. ನಾಲ್ಕನೆಯ ಬೆಳಿಗ್ಗೆ ಜ್ವರ ಬಿಟ್ಟಾಗಲೇ ಕಲ್ಲಿನ ನೆನಪಾದದ್ದು.

ಗೋಣಿ ಹಪ್ಪಳದಂತೆ ಸೆಟೆದಿತ್ತು. ಕಪ್ಪಗೆ ಹೊಳೆಯುತ್ತಿದ್ದ ಕಲ್ಲು ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಗುವಿನ ಸ್ನಾನದ ತೊಟ್ಟಿಯಲ್ಲಿ ಅದನ್ನು ಎರಡು ದಿನ ಮುಳುಗಿಸಿಟ್ಟೆ. ಕಪ್ಪು ಬಣ್ಣ ಮರಳಿತು. ಯಾರಿಗೂ ಹೇಳಲಿಲ್ಲ.

ಶನಿವಾರ, ನಾಮಕರಣದ ಹಿಂದಿನ ದಿನ, ಆಸ್ಪತ್ರೆಯಿಂದ ಮರಳಿದ್ದ ಮಾವ ಮೊಣಕಾಲಿಗೆ ಚಪ್ಪಡಿ ಒರಗಿಸಿಕೊಂಡು ಕೂತರು. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಕಿವಿ ಕೊಟ್ಟರು. ಕೊಡತಿಯನ್ನು ಕೆಳಗಿಟ್ಟರು.

“ಎಷ್ಟು ದಿನ?”

“ಮೂರು,” ಎಂದೆ. ಮೀಕೆಯನ್ನು ಎದೆಗೊತ್ತಿಕೊಂಡಿದ್ದೆ. “ಜ್ವರ ಬಂದಿತ್ತು ಇವಳಿಗೆ. ಆಮೇಲೆ ನೆನೆಸಿಟ್ಟೆ ಮಾವ.”

“ಒಣಮೀನನ್ನ ನೆನೆಸಿದ್ರೆ ಈಜತ್ತೇನು?”

ನಾನು ಅಳತೊಡಗಿದೆ. ಅವರು ಉಳಿಯನ್ನೂ ಎತ್ತಿ ಪಕ್ಕಕ್ಕಿಟ್ಟರು.

“ಈಗ ಉಳಿ ಇಟ್ರೆ ಅಡ್ಡ ಒಡೆಯತ್ತೆ,” ಎಂದರು ಕೊನೆಗೆ. “ಇಪ್ಪತ್ತೆರಡು ವರ್ಷ ಒದ್ದೆಯಾಗೇ ಇತ್ತು, ಆಗ ನಾನು ಸೀಳಿದ್ನಾ? ಎಲ್ಲಿ ನನ್ನ ಕೈಯಲ್ಲೇ ಒಡೆಯತ್ತೋ ಅಂತ ಭಯ. ನಿನಗೆ ಮೂರು ದಿನದ ಭಯ, ನಂದು ನೋಡು. ಮಗೂನ ಇಲ್ಲಿ ಕೊಡು. ನಿನ್ನ ಕೈ ಇಡು ಇದರ ಮೇಲೆ. ನನ್ನ ಬೆರಳಿಗೆ ಈಗ ತಿಳಿಯಲ್ಲ.”

ಕಣ್ಣು ಮುಚ್ಚಿ ಕೈಯಿಟ್ಟೆ. ಕಲ್ಲು ತಣ್ಣಗಿತ್ತು. ಮೊದಲು ಏನೂ ಇರಲಿಲ್ಲ. ಆಮೇಲೆ ಎಲ್ಲೋ ಆಳದಿಂದ, ನೀರಿನಡಿಯ ಮರಳು ಏಳುವಂತೆ, ಒಂದು ಚಿಕ್ಕ ಉಬ್ಬು ಅಂಗೈಗೆ ತಾಗಿತು. ಅದರಿಂದ ಹೊರಟ ಒಂದು ತೋಳು, ಅದರ ಪಕ್ಕ ಇನ್ನೊಂದು.

“ನಕ್ಷತ್ರಮೀನು,” ಎಂದೆ. “ಐದು ತೋಳು.”

“ಆರು. ಗಣಿ ಮುಚ್ಚಿದ ದಿನವೇ ಎಣಿಸಿದ್ದೀನಿ.”

“ಐದೇ ಮಾವ, ಎರಡು ಸಲ ಎಣಿಸಿದೆ.”

“ಪಟ್ಟಣದ ಬೆರಳು,” ಎಂದರು ಮೀಕೆಯನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತ. “ಮತ್ತೆ ಎಣಿಸು. ನಿಧಾನಕ್ಕೆ.”