ಖಾಲಿ ಡಬ್ಬಿಯ ಮೇಲಿನ ಹೆಸರು

ನಾವು ಬರೆದ ಪ್ರೋಗ್ರಾಂ ಓದಿ ಹೇಳುವಾಗ ಅವರು ಕಣ್ಣು ಮುಚ್ಚಿ, ಎಡಗಿವಿಯನ್ನು ನಮ್ಮತ್ತ ವಾಲಿಸಿ, ಕೈಯ ಹಸಿರು ಬಳೆಯೊಂದನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತಿದ್ದರು. ತಪ್ಪಿರುವ ಸಾಲು ಬಂದಾಗ ಬಳೆ ನಿಲ್ಲುತ್ತಿತ್ತು. ಅದು ಹಸಿರೋ ಕೆಂಪೋ, ಈಗ ಆಣೆ ಮಾಡಿ ಹೇಳಲಾರೆ. ನಿಲ್ಲುತ್ತಿದ್ದುದಂತೂ ನಿಜ.

ನನಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸಿದ ಮೇಡಂ ಅವರು. ಧಾರವಾಡದ ಕಡೆಯವರು, ಒಂಟಿ ಜೀವ. ಡೊಂಬಿವಲಿಯ ನೆಲಮಹಡಿಯ ಮನೆಯ ಹಾಲ್‌ನಲ್ಲಿ ದಿನವೂ ಕ್ಲಾಸ್ ನಡೆಸುತ್ತಿದ್ದರು; ಜೀವನ ಸಾಗುತ್ತಿದ್ದುದು ಅದರಿಂದಲೇ. ಕಲ್ಯಾಣ, ಟಿಟ್ವಾಳಾ, ಬದಲಾಪುರದಿಂದ ಬರುತ್ತಿದ್ದ ನಾವು ಆರೇಳು ಮಂದಿ ಭಾನುವಾರ ಬೆಳಗಿನ ತಂಡ. ನಾನೋ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಎಲ್ಲೂ ನೆಲೆ ನಿಲ್ಲದೆ, ಪ್ರತಿಯೊಂದಕ್ಕೂ ಯಾಕೆ ಎನ್ನುತ್ತಿದ್ದವನು.

ಪ್ರೋಗ್ರಾಮಿನಲ್ಲಿ ಏನನ್ನಾದರೂ ಒಟ್ಟುಹಾಕುವ ಮೊದಲು ಅದಕ್ಕೊಂದು ಖಾಲಿ ಡಬ್ಬಿ ಮಾಡಿಕೊಳ್ಳಬೇಕು. ಪಟ್ಟಿಗಾದರೆ ಎರಡು ಚೌಕ ಬ್ರ್ಯಾಕೆಟ್ [] ಒತ್ತಿದರೆ ಸಾಕು. ‘ಲಿಸ್ಟ್’ ಎಂದು ಹೆಸರು ಬರೆದೂ ಮಾಡಬಹುದು. ಹೆಚ್ಚಿನವರು ಬ್ರ್ಯಾಕೆಟ್ ಒತ್ತುತ್ತಾರೆ. ಮೇಡಂಗೆ ಮಾತ್ರ ಹೆಸರೇ ಆಗಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಲೂಬೇಕು.

“ಎರಡು ಬ್ರ್ಯಾಕೆಟಲ್ಲಿ ಆಗುವ ಕೆಲಸಕ್ಕೆ ಇಷ್ಟುದ್ದ ಯಾಕೆ ಮೇಡಂ?” ಎಂದಿದ್ದೆ.

“ಡಬ್ಬಿ ಖಾಲಿ ಇದ್ದಾಗನ ಹೆಸರ ಬೇಕಾಗ್ತದ, ತಮ್ಮಾ. ತುಂಬಿದ ಮ್ಯಾಲೆ ವಾಸನಿಗೇ ಗೊತ್ತಾಗ್ತದ.”

ಒಂದು ಭಾನುವಾರ ಹಟಕ್ಕೆ ಬಿದ್ದೆ. ಒಂದೇ ಹೆಸರು ಎರಡು ಸಲ ಸೇರದ ‘ಸೆಟ್’ ಎಂಬ ಸಂಗ್ರಹ ಮಾಡಬೇಕಿತ್ತು. ಎರಡು ಡೊಂಕು ಬ್ರ್ಯಾಕೆಟ್ {} ಒತ್ತಿ, ಲ್ಯಾಪ್‌ಟಾಪನ್ನು ಅವರ ಮುಖದ ಮುಂದೆ ತಿರುಗಿಸಿದೆ.

“ನಾನು ಓದುವುದಿಲ್ಲ. ನೀವೇ ನೋಡಿ ಹೇಳಿ ಮೇಡಂ, ಇದರಲ್ಲಿ ಏನು ತಪ್ಪು?”

ಬಳೆ ನಿಂತಿತು. ಪಕ್ಕದಲ್ಲಿದ್ದ ಬದಲಾಪುರದ ಹುಡುಗಿ, ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಉತ್ತರಿಸುವವಳು, ತಟ್ಟನೆ ಬಗ್ಗಿ ನೋಡಿ ನಕ್ಕಳು. “ಮೇಡಂ, ಇಸ್‌ನೇ ಸೆಟ್ ಕೇ ಲಿಯೇ ಖಾಲಿ ಕರ್ಲಿ ಬ್ರ್ಯಾಕೆಟ್ ಡಾಲಾ ಹೈ. ಬಡಾ ಆಯಾ ಫಿಲಾಸಫರ್.” ಸೆಟ್‌ಗೆ ಖಾಲಿ ಡೊಂಕು ಬ್ರ್ಯಾಕೆಟ್ ಹಾಕಿದ್ದಾನೆ, ದೊಡ್ಡ ತತ್ತ್ವಜ್ಞಾನಿ ಬಂದ, ಎಂದು.

“ಅದು ಸೆಟ್ ಅಲ್ಲೋ ಶಾಣ್ಯಾ,” ಮೇಡಂ ತಕ್ಷಣ ಅಂದರು. “ಡಿಕ್ಷನರಿ ಆತು. ಶಬ್ದ-ಅರ್ಥದ ಗತೆ ಜೋಡಿ ಜೋಡಿ ಇಡೂ ಡಬ್ಬಿ. ಖಾಲಿ ಸೆಟ್ ಬೇಕಂದ್ರ ಹೆಸರನ ಬರೀಬೇಕು.”

ಎಲ್ಲರೂ ನಕ್ಕರು. ನೀರು ಕುಡಿಯುವ ನೆಪದಲ್ಲಿ ನಾನು ಅಡುಗೆಮನೆಗೆ ಹೋದೆ. ಅಲ್ಲಿ ಸ್ಟೀಲ್ ಡಬ್ಬಿಗಳ ಸಾಲು. ಒಂದೊಂದರ ಮೇಲೂ ಅಂಗೈಯಗಲದ ಕಪ್ಪು ಅಕ್ಷರ, ಖಾಲಿ ಡಬ್ಬಿಗೂ. ಸಾಲದೆಂಬಂತೆ ಉಪ್ಪಿನದಕ್ಕೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆಯದಕ್ಕೆ ಎರಡು. ಅಷ್ಟು ದೊಡ್ಡ ಅಕ್ಷರವೂ ಕಾಣದಾದ ಮೇಲೆ ಬೆರಳಿಗೆ ತಿಳಿಯಲೆಂದು ಹಾಕಿದ್ದು. ಲೋಟ ಕೈಯಲ್ಲೇ ಉಳಿಯಿತು. ಚೌಕವೋ ಡೊಂಕೋ, ಪರದೆಯ ಮೇಲಿನದು ಅವರಿಗೆ ಕಾಣುತ್ತಲೇ ಇರಲಿಲ್ಲ. ಇದು ಹೊರಗೆ ಗೊತ್ತಾದರೆ ಕ್ಲಾಸಿಗೆ ಯಾರು ಬರುತ್ತಾರೆ? ಎಲ್ಲರೆದುರು ನಾನು ಅವರಿಗೆ ‘ನೋಡಿ’ ಎಂದಿದ್ದೆ.

ಆಮೇಲೆ ಎಲ್ಲರಿಗಿಂತ ಗಟ್ಟಿಯಾಗಿ ಓದತೊಡಗಿದೆ, ಗುಟ್ಟು ಕಾಯುತ್ತಿರುವವನು ನಾನೊಬ್ಬನೇ ಎಂಬ ಹೆಮ್ಮೆಯಿಂದ. ಒಮ್ಮೆ ಅವರು “ಈಗ ಛಂದ ಓದ್ತಿ ನೋಡು” ಅಂದ ನೆನಪು. ನಿಜಕ್ಕೂ ಅಂದರೋ, ಅಂದಿದ್ದರೆ ಚೆನ್ನಾಗಿತ್ತು ಎಂದು ನಾನೇ ಸೇರಿಸಿಕೊಂಡೆನೋ.

ಕಳೆದ ವರ್ಷ ಮೇಡಂ ತೀರಿಕೊಂಡರು. ಕೊನೆಯ ತಿಂಗಳವರೆಗೂ ಕ್ಲಾಸ್ ನಡೆದಿತ್ತು. ಹದಿಮೂರನೆಯ ದಿನದ ಊಟಕ್ಕೆ ಬಂದಿದ್ದ ಬದಲಾಪುರದ ಹುಡುಗಿಯನ್ನು ಕೇಳಿದೆ, ಅವತ್ತು ನನ್ನನ್ನು ಹಾಗೇಕೆ ನಗೆಪಾಟಲು ಮಾಡಿದೆ ಎಂದು.

“ಪಾಗಲ್ ಹೈ ಕ್ಯಾ? ಉನ್‌ಕೋ ದಿಖ್‌ತಾ ನಹೀ ಥಾ. ಮೈ ತೋ ಪಢ್‌ಕೇ ಸುನಾ ರಹೀ ಥೀ.”

ಅವರಿಗೆ ಕಾಣುತ್ತಿರಲಿಲ್ಲವೆಂದೇ ಅವಳು ಓದಿ ಹೇಳಿದ್ದಳು. ಅವಳೊಬ್ಬಳೇ ಅಲ್ಲ, ಕಲ್ಯಾಣದವರಿಗೂ ಟಿಟ್ವಾಳಾದವರಿಗೂ ಮೊದಲೇ ಗೊತ್ತಿತ್ತಂತೆ. ಗೊತ್ತಿಲ್ಲದಿದ್ದವನು ನಾನೊಬ್ಬನೇ.

ಈಗ ನೆರೂಳದ ಆಫೀಸಿನಲ್ಲಿ ಖಾಲಿ ಪಟ್ಟಿ ಮಾಡುವಾಗಲೆಲ್ಲ ಹೆಸರು ಬರೆಯುತ್ತೇನೆ. ಬ್ರ್ಯಾಕೆಟ್ ಸಾಕಲ್ಲವೇ ಎಂದು ಕಿರಿಯರು ಟಿಪ್ಪಣಿ ಹಾಕುತ್ತಾರೆ. ಅವರು ಹೇಳುವುದು ಸರಿಯೇ. ಆ ಸಾಲನ್ನು ಒಮ್ಮೆ ಬಾಯಿಬಿಟ್ಟು ಓದಿ, ಹಾಗೆಯೇ ಬಿಡುತ್ತೇನೆ.