ದಾಳಿಂಬೆ ಬಣ್ಣ ಮತ್ತು ಓಬಣ್ಣನ ಗಾಜಿನ ಫೋನು

ಮೊಳಕಾಲ್ಮೂರಿನ ಓಬಣ್ಣನ ಕೈ ಕಂಡವರಿಗೆ ಅವನ ಕಸುಬು ಏನೆಂದು ಹೇಳಬೇಕಾಗಿಲ್ಲ. ಮಗ್ಗದ ಮೇಲಿನ ಹಳೆಯ ಹಾಸಿನ, ಅಂದರೆ ಉದ್ದೆಳೆಗಳ, ತುದಿಗೆ ಹೊಸ ರೇಷ್ಮೆ ಎಳೆ ಹೊಸೆದು ಕೆಚ್ಚಿ ಜೋಡಿಸುವಾಗ ನೇಕಾರರು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಾರೆ. ಹಾಗೆ ಹೊಸೆದೂ ಹೊಸೆದೂ ಅವನ ಹೆಬ್ಬೆರಳು, ತೋರುಬೆರಳು ಹುಣಸೆ ಬೀಜದಂತೆ ಜಡ್ಡುಗಟ್ಟಿವೆ.

ಟಚ್ ಫೋನುಗಳು ನಮ್ಮ ಸೀಮೆಗೆ ಆಗತಾನೇ ಕಾಲಿಟ್ಟಿದ್ದವು. ಮಗಳು ಶ್ರೀವಾಣಿ ಅಪ್ಪನಿಗೂ ಒಂದು ತಂದುಕೊಟ್ಟಳು. ಅದಕ್ಕೂ ಮೊದಲು ಬಂದಿದ್ದ ಒಂದು ಜಾತಿಯ ಫೋನನ್ನು ಕಡ್ಡಿಯಿಂದ ಒತ್ತಿದರೂ, ಉಗುರಿನಿಂದ ಒತ್ತಿದರೂ ಕೆಲಸ ಮಾಡುತ್ತಿತ್ತು. ಇದು ಹಾಗಲ್ಲ, ಮೆತ್ತನೆಯ ಚರ್ಮವೇ ಬೇಕು. ಓಬಣ್ಣ ತೋರುಬೆರಳಲ್ಲಿ ಎಷ್ಟು ತೀಡಿದರೂ ಗಾಜು ಮಿಸುಕಲಿಲ್ಲ. ಕೊನೆಗೆ ಮಗ್ಗದಲ್ಲಿ ಕೆಲಸವಿಲ್ಲದೆ ಮೆತ್ತಗುಳಿದಿದ್ದ ಕಿರುಬೆರಳು ಉಪಯೋಗಕ್ಕೆ ಬಂತು. ಫೋನ್ ಬಂದಾಗ ಅವನು ಕಿರುಬೆರಳು ಎತ್ತಿದರೆ ಹೆಂಡತಿ ಗೋವಿಂದಮ್ಮ, “ಏಮಯ್ಯಾ, ಫೋನಿಗೂ ಕಿರುಬೆರಳು ಕೊಟ್ಟು ಸಪ್ತಪದಿ ತುಳೀತೀಯೋ?” ಎಂದು ಕಾಡುತ್ತಿದ್ದಳು.

ಚಳ್ಳಕೆರೆಯ ನಾಗರತ್ನಳ ಮಗಳು ತೇಜಶ್ರೀಗೆ ಮದುವೆ ಗೊತ್ತಾಗಿತ್ತು. ಅಜ್ಜಿಯ ಧಾರೆ ಸೀರೆಯನ್ನೇ ಉಟ್ಟುಕೊಳ್ಳಬೇಕೆಂದು ಹುಡುಗಿಗೆ ಆಸೆ. ಆದರೆ ಸೀರೆ ಮಡಿಕೆಯಲ್ಲೆಲ್ಲ ಸೀಳಿತ್ತು. ಅದೇ ಬಣ್ಣ, ಅದೇ ರುದ್ರಾಕ್ಷಿ ಅಂಚು ಇರುವ ಹೊಸ ಸೀರೆ ನೇಯಲು ಓಬಣ್ಣನಿಗೆ ಹೇಳಿದರು. ಹಳೆಯ ಸೀರೆಗೆ ಜೋಡಿ ನೇಯುವಾಗ ಅದರದೇ ಒಂದು ಎಳೆಯನ್ನು ಬಣ್ಣದ ಮನೆಗೆ ಒಯ್ಯುವುದು ನೇಕಾರರಲ್ಲಿ ಹಿಂದಿನಿಂದ ಬಂದ ಪದ್ಧತಿ. ನಾಗರತ್ನ ಒಪ್ಪಲಿಲ್ಲ. ತೀರಿಕೊಂಡ ತಾಯಿಯದೆಂದು ಮನೆಯಲ್ಲಿ ಉಳಿದಿದ್ದುದು ಅದೊಂದೇ. ಅದರಿಂದ ನೂಲು ಕೀಳಲು ಅವಳಿಗೆ ಮನಸ್ಸಾಗಲಿಲ್ಲ. ತೇಜಶ್ರೀ ಫೋಟೋ ತೆಗೆದು ಕಳಿಸಿದಳು. ಓಬಣ್ಣನೂ ಸಾಕು ಎಂದುಬಿಟ್ಟ.

ಅಂಚಿನ ಮಟ್ಟಿಗೆ ಫೋನು ಅವನನ್ನು ಬೆರಗುಗೊಳಿಸಿತು. ಎರಡು ಬೆರಳು ಅಗಲಿಸಿದರೆ ರುದ್ರಾಕ್ಷಿ ಅಂಗೈಯಗಲ ಹಿಗ್ಗಿ, ಎಳೆ ಎಳೆಯ ಹೆಣಿಗೆ ಬಿಚ್ಚಿಕೊಂಡು ಕಾಣುತ್ತಿತ್ತು. ಅವನಪ್ಪ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದುದನ್ನು ಇವನು ಕೂತಲ್ಲೇ ನೋಡಿದ. ಆ ಹುಮ್ಮಸ್ಸಿನಲ್ಲೇ ಫೋನು ಹಿಡಿದು ಬಣ್ಣ ಹಾಕುವ ಕ್ಯಾತಣ್ಣನ ಮನೆಗೆ ಹೋದ. ಅಂದು ಬೆಳಗಿನಿಂದ ಕರೆಂಟಿರಲಿಲ್ಲ, ಬ್ಯಾಟರಿ ತಳ ಕಂಡಿತ್ತು. ಚಾರ್ಜು ಇಳಿದರೆ ಪರದೆಯೂ ತಾನಾಗಿ ಮಂಕಾಗುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಕ್ಯಾತಣ್ಣ ಕಂಡ ಬಣ್ಣವನ್ನೇ ಹಾಕಿಕೊಟ್ಟ.

ರೇಷ್ಮೆ ಲಡಿಗಳು ಮನೆಯ ಗಳದ ಮೇಲೆ ಒಣಗಿದವು. ಕರೆಂಟು ಬಂದು ಫೋನು ಚಾರ್ಜಾದ ಮೇಲೆ ಗೋವಿಂದಮ್ಮ ಫೋಟೋವನ್ನು ಲಡಿಯ ಪಕ್ಕಕ್ಕೆ ಹಿಡಿದಳು.

“ಇದರಾಗೆ ದಾಳಿಂಬೆ ಕಾಳು ಐತೆ. ನೀನು ಬದನೆಕಾಯಿ ತಂದೀಯಲ್ಲಯ್ಯಾ.”

ಚಾರ್ಜಿಲ್ಲದಾಗ ಪರದೆ ಮಂಕಾಗಿತ್ತೆಂದು ಓಬಣ್ಣನಿಗೆ ಆಗ ಹೊಳೆಯಿತು. ಫೋನನ್ನು ಬಿಸಿಲಿಗೆ ಒಯ್ದ, ಅಲ್ಲಿ ಗಾಜು ಬರೀ ಮುಖ ತೋರಿಸಿತು. ನೆರಳಿಗೆ ತಂದರೆ ಒಂದು ಬಣ್ಣ, ಮೂಲೆಗೆ ಒಯ್ದರೆ ಮತ್ತೊಂದು. ಫೋಟೋದಲ್ಲಿ ಇದ್ದದ್ದು ಹೀಗೇ ಎಂದು ನೇಯ್ದು ಕೊಡಬಹುದಿತ್ತು, ಯಾರೂ ಅವನನ್ನು ಬೈಯುತ್ತಿರಲಿಲ್ಲ. ಆದರೆ ಆ ಹುಡುಗಿ ಧಾರೆಯ ಹೊತ್ತಿಗೆ ಅಜ್ಜಿಯ ಬಣ್ಣವಲ್ಲದ ಬಣ್ಣ ಉಟ್ಟು ಕೂರಬೇಕಾಗುತ್ತಿತ್ತು. ಲಡಿಗಳನ್ನು ಬೇರೆ ಸೀರೆಗೆಂದು ಎತ್ತಿಟ್ಟು ಚಳ್ಳಕೆರೆಯ ಬಸ್ಸು ಹತ್ತಿದ.

ಮಂಕಾದ ಪರದೆ ನಂಬಿ ಕೆಟ್ಟೆನೆಂದು ನಾಗರತ್ನಳ ಮುಂದೆ ನೇರವಾಗಿ ಹೇಳಿದ. ಅವಳು ಪೆಟ್ಟಿಗೆಯಿಂದ ಸೀರೆ ತೆಗೆದು ತೊಡೆಯ ಮೇಲಿಟ್ಟುಕೊಂಡಳೇ ಹೊರತು ಕೈಗೆ ಕೊಡಲಿಲ್ಲ.

“ಓಬಣ್ಣಾರೇ, ಇದಕ್ಕೆ ಕತ್ತರಿ ಹಾಕಿದ್ರೆ ಅವ್ವನಿಗೇ ಹಾಕ್ದಂಗಾಗ್ತೈತೆ.”

“ಕತ್ತರಿ ಬ್ಯಾಡ ತಾಯಿ. ಮಡಿಕೆ ಬಿಟ್ಟಲ್ಲಿ ನೋಡ್ರಿ, ಈ ಎಳೆ ತಾನೇ ಹೊರಗೆ ಬಂದೈತೆ. ಇದೊಂದು ಕೊಟ್ಟಿರ್ರಿ. ಸೀರೆ ಜೊತೆ ನಿಮ್ಮ ಕೈಗೇ ವಾಪಸ್ ತಂದು ಹಾಕ್ತೀನಿ.”

ನಾಗರತ್ನ ಸೀರೆಯ ಮಡಿಕೆ ಸವರಿದಳು. ಆಮೇಲೆ ಆ ಎಳೆಯನ್ನು ತಾನೇ ಮೆಲ್ಲಗೆ ಬಿಡಿಸಿ ಕೊಟ್ಟಳು. ಗಾಳಿಗೆ ಹಾರೀತೆಂದು ಓಬಣ್ಣ ಅದನ್ನು ಫೋನಿಗೇ ಸುತ್ತಿಕೊಂಡ. ವಾಪಸು ಬರುವ ಬಸ್ಸು ತಳಕು ಊರು ದಾಟುವಾಗ ಗೋವಿಂದಮ್ಮನ ಫೋನು ಬಂತು. ಕಿರುಬೆರಳು ಆಡಿಸಿದರೆ ಎಳೆ ಜಾರುತ್ತದೆಂದು ಅವನು ಎತ್ತಲಿಲ್ಲ. ಊರಿಗೆ ಹೋದ ಮೇಲೆ ಅದಕ್ಕೂ ಬೈಸಿಕೊಂಡ.

ಈ ಸಲ ಕ್ಯಾತಣ್ಣ ಅಂಗಳದ ಬೆಳಕಿನಲ್ಲಿ ಎಳೆ ಹಿಡಿದು ಬಣ್ಣ ಕೂಡಿಸಿದ. ಅಂಚನ್ನು ಮಾತ್ರ ಓಬಣ್ಣ ಫೋನು ನೋಡಿಯೇ ನೇಯ್ದ. ಸೀರೆ ಮಗ್ಗದಿಂದ ಇಳಿದ ದಿನ ತೇಜಶ್ರೀ ತಡೆಯಲಾರದೆ ಫೋಟೋ ಕೇಳಿದಳು.

“ಫೋಟೋ ಕಳ್ಸಲ್ಲವ್ವ. ಬಸ್ಸಿಗೆ ಬರ್ತಿದೀನಿ, ಬಿಸಿಲಾಗೆ ನೋಡುವಂತೆ.”

ಚಳ್ಳಕೆರೆಯ ಅಂಗಳದಲ್ಲಿ ಹೊಸ ಸೀರೆ ಬಿಚ್ಚಿದರು. ಓಬಣ್ಣ ಕಾಗದದಲ್ಲಿ ಮಡಿಚಿಟ್ಟಿದ್ದ ಎಳೆಯನ್ನು ನಾಗರತ್ನಳ ಕೈಗೆ ಹಾಕಿದ. ಅವಳು ಅದನ್ನು ಹೊಸ ಸೀರೆಯ ಒಡಲಿನ ಮೇಲಿಟ್ಟು ನೋಡಿದಳು. ಆಮೇಲೆ ವಾಪಸ್ ತೆಗೆಯಲು ಅದು ಕಣ್ಣಿಗೆ ಸಿಗಲಿಲ್ಲ, ಬೆರಳಿನಿಂದ ತಡವಿ ಹುಡುಕಬೇಕಾಯಿತು.