ಉಂಗುರ ಕೊರೆದ ಗುಳಿ

ಮದುವೆ ಮುರಿದ ಮರುವರ್ಷ ಮಂಡ್ಯದಲ್ಲಿ ಬಾಡಿಗೆ ಮನೆ ಹಿಡಿದು, ಮಳವಳ್ಳಿಯ ಕಾಲೇಜಿಗೆ ಪಾಠ ಹೇಳಲು ದಿನವೂ ಹೋಗಿಬರುತ್ತಿದ್ದೆ. ಬಸ್ಸಿನಲ್ಲಿ ಗುರುತಿನವರು ಸಿಕ್ಕರೆ ನನ್ನ ಗಂಡನ ಸುದ್ದಿ ಎತ್ತುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲೆಂದೇ ಹಳೆಯ ಕಾರೊಂದನ್ನು ಕೊಂಡೆ. ಮಾರಿದವರು ಕೆರಗೋಡಿನ ಕಡೆಯ ವಯಸ್ಸಾದ ರೈತರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿತ್ತು.

ಕಾರು ಚೆನ್ನಾಗಿಯೇ ಇತ್ತು. ಸ್ಟೇರಿಂಗಿಗೆ ಹೊದಿಸಿದ್ದ ಚರ್ಮ ಮಾತ್ರ ಸವೆದು, ಸಿಪ್ಪೆ ಎದ್ದು, ಬಿಸಿಲಿಗೆ ಅಂಗೈಗೆ ಅಂಟುತ್ತಿತ್ತು. ಮದ್ದೂರಿನ ಸೀಟು ಕವರಿನ ಅಂಗಡಿಯವನಿಗೆ ತೋರಿಸಿದೆ.

"ಮೇಲೊಂದು ಕವರ್ ಆಕ್ಬುಡ್ಲಾ ಮೇಡಂ?"

ಬೇಡವೆಂದೆ.

"ಅಂಗಾದ್ರೆ ನೀವೇ ಮಾಡ್ಕಬೋದು ಬುಡಿ. ತಾಳ್ಮೆ ಇರ್ಬೇಕು ಅಷ್ಟೇಯ," ಎಂದು ಚರ್ಮದ ಬಣ್ಣದ ಶೀಶೆಯನ್ನೂ ಬಿರುಕಿಗೆ ತುಂಬುವ ಪೇಸ್ಟನ್ನೂ ಕೊಟ್ಟ.

ತಾಳ್ಮೆ ಇತ್ತೋ ಇಲ್ಲವೋ, ಭಾನುವಾರಗಳಂತೂ ಇದ್ದವು. ಸೋಪಿನ ನೀರಿನಲ್ಲಿ ಬಟ್ಟೆ ಹಿಂಡಿ ಒರೆಸಿದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಹೊಲಿಗೆಯ ಸಂದುಗಳನ್ನು ಉಜ್ಜಿದೆ. ಬಟ್ಟೆ ಮೂರು ಸಲ ಕಪ್ಪಾಯಿತು. ಎದ್ದ ಸಿಪ್ಪೆಯನ್ನು ನಯವಾದ ಉಪ್ಪುಕಾಗದದಿಂದ ತಿಕ್ಕಿ, ಬಿರುಕುಗಳಿಗೆ ಪೇಸ್ಟು ತುಂಬಿದೆ. ಬಲಗಡೆ ಮೇಲೆ ಕಡಲೆಬೇಳೆ ಕೂರುವಷ್ಟು ಆಳದ ಒಂದು ಗುಳಿ ಇತ್ತು. ಅದನ್ನೂ ಮುಚ್ಚಿ ಸಮ ಮಾಡಿ, ತೆಳ್ಳಗೆ ನಾಲ್ಕು ಸಲ ಬಣ್ಣ ಹಚ್ಚಿದೆ. ಮುಗಿದಾಗ ಯಾರಿಗಾದರೂ ತೋರಿಸಬೇಕೆನ್ನಿಸಿತು. ಫೋನಿನಲ್ಲಿ ಹೆಸರುಗಳನ್ನು ಮೇಲೆ ಕೆಳಗೆ ಸರಿಸಿ, ಕೊನೆಗೆ ಫೋನು ಕೆಳಗಿಟ್ಟೆ.

ಕೆಲವು ದಿನಗಳ ನಂತರ ಕಾರು ಮಾರಿದ ಆ ಹಿರಿಯರೇ ಫೋನು ಮಾಡಿದರು. "ಗಾಡೀದು ಇನ್ನೊಂದ್ ಕೀ ಸಿಕ್ತು ಕಣವ್ವ. ಬಂದು ತಕಂಡೋಗು."

ಹೋದೆ. ಬೀಗದ ಕೈ ಕೊಟ್ಟು, ಕಾರಿನ ಬಾಗಿಲು ಸವರುತ್ತಾ ಕೇಳಿದರು: "ವಸಿ ಒಳಗೆ ಕುಂತ್ಕಳ್ಲಾ? ಓಡ್ಸಕಿಲ್ಲ."

ಕೂತರು. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟರು. ಬಲಗೈ ಬೆರಳು ಏನನ್ನೋ ಹುಡುಕುತ್ತಾ ಹಿಂದೆ ಮುಂದೆ ಓಡಾಡಿತು.

"ಇಲ್ಲೊಂದು ಗುಳಿ ಇತ್ತಲ್ಲವ್ವ?"

"ತುಂಬಿಬಿಟ್ಟೆ ಯಜಮಾನ್ರೇ. ಹಾಳಾಗಿದೆ ಅಂದ್ಕೊಂಡೆ."

"ನನ್ ಉಂಗುರದ್ದು ಅದು. ನಮ್ಮನೇವ್ಳ ವಾರಕ್ಕೆರಡ್ ಸಲ ಮಂಡ್ಯದ ಆಸ್ಪತ್ರೆಗೆ ಕರ್ಕಂಡೋಯ್ತಿದ್ದೆ. ಇಂದ್ಗಡೆ ಸೀಟಲ್ಲಿ ಮನಿಕಂಡಿರೋಳು. ತಿರುಗಿ ನೋಡಕ್ಕಾಯ್ತದಾ? ಎಚ್ಚರ ಇದ್ದೀಯೇನಮ್ಮಿ ಅಂತ ಉಂಗುರದಲ್ಲಿ ಇಲ್ಲಿ ತಟ್ತಿದ್ದೆ. ಊಂ ಅನ್ನೋಳು."

ಅವರ ಹೆಂಡತಿ ತೀರಿಕೊಂಡು ಎಷ್ಟು ಕಾಲವಾಯಿತೆಂದು ಕೇಳಲು ಹೋಗಲಿಲ್ಲ. "ತಪ್ಪಾಯ್ತು," ಎಂದೆ.

"ಯಾಕ್ ತಪ್ಪು? ಗಾಡಿ ನಿಂದು. ನುಣ್ಣಗೆ ಚೆನ್ನಾಗ್ ಮಾಡಿದ್ದೀಯ ಬುಡು," ಎಂದು ಇಳಿದರು. ಮಜ್ಜಿಗೆ ಕೊಟ್ಟರು. ಜಗಲಿಯ ಮೇಲೆ ಕೂತು ಕುಡಿದೆ. ಮನೆಯೊಳಗೆ ಬೇರೆ ಯಾರ ಸದ್ದೂ ಇರಲಿಲ್ಲ.

ಹಿಂದಿರುಗುವಾಗ ಸ್ಟೇರಿಂಗಿನ ಆ ಜಾಗ ಬಿಟ್ಟು ಹಿಡಿದುಕೊಂಡಿದ್ದೆ. ಮಂಡ್ಯ ತಲುಪುವಷ್ಟರಲ್ಲಿ ಮಣಿಕಟ್ಟು ನೋಯುತ್ತಿತ್ತು.

ತಿಂಗಳ ಮೇಲೆ ಮತ್ತೆ ಫೋನು ಮಾಡಿದರು. "ಗಾಡಿ ಎಂಗದೆ?" ಚೆನ್ನಾಗಿದೆ ಎಂದೆ. ಊಟವಾಯಿತೇ ಎಂದು ಕೇಳಿದರು, ಆಯಿತು ಎಂದೆ. ಆಮೇಲೆ ಇಬ್ಬರಿಗೂ ಮಾತು ಉಳಿದಿರಲಿಲ್ಲ. ಆದರೂ ಬಹಳ ಹೊತ್ತು ಇಬ್ಬರೂ ಫೋನು ಇಡಲಿಲ್ಲ.